ಮೂವತ್ತನಾಲ್ಕು ಹಲ್ಲು

ದಾವಣಗೆರೆಯ ರೇಸಿನ ಹುಡುಗನೊಬ್ಬನಿಂದ
ಅರ್ಧ ಬೆಲೆಗೆ ಕೊಂಡ ಸೈಕಲ್ಲು.
ಅದರ ಜೊತೆ ಅವನ ತೊಡೆ ಬರಲಿಲ್ಲ.

ಮುಂದಿನ ದೊಡ್ಡ ಬಿಲ್ಲೆಗೆ ಐವತ್ತಮೂರು ಹಲ್ಲು,
ಚಿಕ್ಕದಕ್ಕೆ ಮೂವತ್ತೊಂಬತ್ತು.
ರಕ್ತನಿಧಿಯಲ್ಲಿ ದಿನವಿಡೀ ಎಣಿಸುವವಳು ನಾನು,
ಇವನ್ನೂ ಎಣಿಸಿದೆ, ಬೆರಳಿಗೆ ಗ್ರೀಸು ಹತ್ತಿಸಿಕೊಂಡು.
ಹೆದ್ದಾರಿಯಲ್ಲಿ, ಐಮಂಗಲದ ಕಡೆ, ಬೆನ್ನಿಗೆ ಗಾಳಿ ಇದ್ದರೆ
ನಾನೂ ಯಾರೋ ಒಬ್ಬಳು.
ಜೋಗಿಮಟ್ಟಿಯ ಏರಿನಲ್ಲಿ ಮಾತ್ರ
ಮೂರನೇ ತಿರುವಿಗೆ ಮಂಡಿಯೊಳಗೆ ಸೂಜಿ.
ಇಳಿದು, ಬೂಟಿನ ಅಡಿ ಟಕ ಟಕ ಅನ್ನಿಸುತ್ತ ತಳ್ಳುತ್ತಿದ್ದೆ,
ಯಾರಾದರೂ ಕಂಡರೆ ಫೋನು ನೋಡುವವಳ ಹಾಗೆ.

ಅಲ್ಲೇ ಒಂದು ಭಾನುವಾರ ನನ್ನನ್ನು ದಾಟಿ ಹೋದವರು
ಸೀತಾಫಲ ಕೀಳಲು ಹೊರಟ ನಾಲ್ಕು ಹೆಂಗಸರು,
ಸೊಂಟದಲ್ಲಿ ಖಾಲಿ ಪುಟ್ಟಿ, ತಲೆಯ ಮೇಲೆ ಬರೀ ಸಿಂಬೆ.
ನಾನು ಆಗಿನ್ನೂ ಇಳಿದಿರಲಿಲ್ಲ.
ತುಳಿಯುತ್ತಲೇ ಇದ್ದೆ.

ಹೊಳಲ್ಕೆರೆ ರಸ್ತೆಯ ಹೊನ್ನೂರ್‌ಸಾಬ್
ಬಿಲ್ಲೆ ನೋಡಿದ, ನನ್ನ ಕಾಲು ನೋಡಿದ.
‘ಇದು ಬಯಲಿನ ಗೇರು ಮೇಡಂ. ನಿಮ್ಮದು ದುರ್ಗ.’
‘ಹಾಗಾದರೆ ಚಿಕ್ಕ ಬಿಲ್ಲೆ ಒಂದನ್ನೇ ಬದಲಾಯಿಸಿ’ ಅಂದೆ.
ನಕ್ಕ. ಐದು ಬೋಲ್ಟಿನ ಸುತ್ತಳತೆಯ ಮೇಲೆ
ಸ್ಕ್ರೂಡ್ರೈವರಿನ ತುದಿ ಆಡಿಸಿದ.
‘ಮೂವತ್ತೆಂಟರ ಕೆಳಗೆ ಈ ಕ್ರ್ಯಾಂಕಿಗೆ ಕೂರಾಕಿಲ್ಲ.
ಹಲ್ಲು ಬದಲಾಗಬೇಕಂದ್ರೆ ದವಡೆನೇ ಬದಲಾಗಬೇಕು.’

ಹನ್ನೊಂದು ದಿನಕ್ಕೆ ಹುಬ್ಬಳ್ಳಿ ಬಸ್ಸಿನ ಪಾರ್ಸೆಲ್ಲಿನಲ್ಲಿ ದವಡೆ ಬಂತು.
ಹೊರಗೆ ಐವತ್ತು, ಒಳಗೆ ಮೂವತ್ತನಾಲ್ಕು.
ಅವನ ಶಿಷ್ಯ ಗಾದಿಲಿಂಗ
ಎಡ ಪೆಡಲಿಗೆ ತಿರುವು ಉಲ್ಟಾ ಎಂಬುದು ಮರೆತು
ಬಿಚ್ಚಲು ಹೋಗಿ ಬಿಗಿದ. ಬೈಸಿಕೊಂಡ. ಮತ್ತೆ ಬಿಗಿದ.
ಹಳೆಯ ಕ್ರ್ಯಾಂಕು ‘ಕಟಕ್’ ಎಂದು ಕಳಚಿದಾಗ
ಅಚ್ಚಿನ ಮೇಲೆ ಹುಡುಗನ ಐದು ವರ್ಷದ ಕಪ್ಪು ಮಣ್ಣು.
ಒರೆಸಿದರು. ಚೈನಿನಿಂದ ಒಂದು ಕೊಂಡಿ ತೆಗೆದರು,
ಮುಂದಿನ ಡಿರೈಲರು ಅರ್ಧ ಬೆರಳು ಕೆಳಗಿಳಿಯಿತು.
ನಾಲ್ಕು ಸಾವಿರದ ಇನ್ನೂರು.
ಮನೆಯಲ್ಲಿ ಎರಡು ಎಂದೆ.

ಮತ್ತೆ ಭಾನುವಾರ.
ಮೂರನೇ ತಿರುವು ಬಂತು, ಹೋಯಿತು.
ಗುಡ್ಡವೇನೂ ಕರಗಿರಲಿಲ್ಲ. ಬಂಡೆ ಬಂಡೆಯ ಜಾಗದಲ್ಲೇ ಇತ್ತು,
ನೆತ್ತಿಯ ಗಾಳಿಯಂತ್ರ ಆಕಳಿಸುತ್ತ ತಿರುಗುತ್ತಿತ್ತು.
ಲೆಕ್ಕ ಹಾಕಿದೆ, ಲೆಕ್ಕ ಹಾಕುವಷ್ಟು ಉಸಿರು ಉಳಿದಿತ್ತಲ್ಲ:
ಮೊದಲು ಒಂದು ತುಳಿತಕ್ಕೆ ಚಕ್ರ ಒಂದೂವರೆ ಸುತ್ತು,
ಈಗ ಒಂದೂಕಾಲು, ಮೇಲೆ ಚೂರು.
ಅಂದರೆ ಪ್ರತಿ ತುಳಿತಕ್ಕೂ
ಒಂದು ಮೊಳ ರಸ್ತೆ ಗುಡ್ಡಕ್ಕೇ ಬಿಟ್ಟುಕೊಟ್ಟಿದ್ದೆ.
ನಲವತ್ತಾರು ವರ್ಷ ಯಾರಿಗೂ
ಒಂದು ಬೆರಳು ಬಿಟ್ಟುಕೊಟ್ಟವಳಲ್ಲ.

ಹಿಂದಿನಿಂದ ಬಳೆ ಸದ್ದು. ಅವರೇ ನಾಲ್ವರು.
ಈ ಸಲ ದಾಟಲಿಲ್ಲ, ನಾನೂ ಅವರನ್ನು ದಾಟಲಿಲ್ಲ.
ಅವರ ಹೆಜ್ಜೆ, ನನ್ನ ಚಕ್ರ, ಸರಿಸಮ.
‘ಏನವ್ವಾ, ಹೊಸಾದು ಹಾಕ್ಸಿದಂಗೈತೆ?’
ಹೇಳಿದೆ. ಬೆಲೆಯನ್ನೂ ಹೇಳಿದೆ, ನಿಜದ್ದನ್ನೇ.
ಮಾರಕ್ಕ ಎಂಬಾಕೆ ಗಲ್ಲಕ್ಕೆ ಕೈ ಕೊಟ್ಟಳು:
‘ಅಷ್ಟು ದುಡ್ಡು ಸುರಿದು ನಮ್ಮಂಗೇ ನಡೆಯೋದು ಕಲ್ತ್ರಾ?’
ನಗು ಬಂತು. ನಕ್ಕೆ.
ಹೋದ ಸಲ ನಗುವುದಕ್ಕೂ ಗಾಳಿ ಇರಲಿಲ್ಲ.
ಗೇಟಿನವರೆಗೂ ಮಾತಾಡಿದೆವು:
ಅವಳ ಮೊಮ್ಮಗಳ ಹಲ್ಲುನೋವು, ಹಣ್ಣಿನ ದರ,
ಆಸ್ಪತ್ರೆಯ ಚೀಟಿಯ ಸಾಲು.

ಇಳಿಜಾರಿನಲ್ಲಿ ಐವತ್ತು ಹಲ್ಲು ಸಾಲಲಿಲ್ಲ,
ಕಾಲು ಬರೀ ಗಾಳಿ ತುಳಿಯಿತು.
ಇರಲಿ, ಇಳಿಯಲು ಗುಡ್ಡವೇ ಸಾಕು.
ಬೆನ್ನಿನ ಜೇಬಲ್ಲಿ ಮೂರು ಸೀತಾಫಲ.
ಒಂದು ದಾರಿಯಲ್ಲೇ ಒಡೆದು ಅಂಗಿಗೆಲ್ಲ ಅಂಟು.
ಇನ್ನೊಂದನ್ನು ಹೊನ್ನೂರ್‌ಸಾಬ್‌ನ ಮೇಜಿನ ಮೇಲಿಟ್ಟು,
‘ದೊಡ್ಡ ಬಿಲ್ಲೆಗೆ ಹತ್ತುವಾಗ ಚೈನು ಕರ್ ಅನ್ನುತ್ತೆ,
ನೋಡಿ’ ಅಂದೆ.